ನೋವಿನ ಸೂಜಿಯ ಇತಿಹಾಸ

(2004ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ, ಅವರ ಮನಸ್ಸಿನಲ್ಲಿ ಊರ ಮುಂದಿನ ವೀರಗಲ್ಲೋ ಕೆರೆ ಏರಿಯ ಶಾಸನವೋ ಇದ್ದಿರಬೇಕು. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿದ್ದಾರೆ. ನಾನು ಒಂದು ಇಂಜೆಕ್ಷನ್ನಿನ ಇತಿಹಾಸ ಬರೆಯುತ್ತೇನೆ, ಅದು ಹೆರಿಗೆಗೆ ಸಂಬಂಧಿಸಿದ್ದು ಎಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ "ಆಗಲಿ, ಆದರೆ ಮಕ್ಕಳೂ ಓದೋ ಹಾಗಿರಲಿ" ಎಂದರು. ಮಕ್ಕಳೂ ಓದಲಿ ಎಂಬುದೇ ನನ್ನ ಆಸೆ. ನಾವು ಹತ್ತನೇ ತರಗತಿಯಲ್ಲಿದ್ದಾಗ ಸಂತಾನೋತ್ಪತ್ತಿಯ ಪಾಠ ಬಂದ ದಿನ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಹೇಳಿ ಮುಂದಿನ ಪಾಠಕ್ಕೆ ಹೋದದ್ದು ನನ್ನ ಓರಗೆಯವರಿಗೆಲ್ಲ ನೆನಪಿರಬಹುದು. ಮನೆಯಲ್ಲಿ ಯಾರೂ ಓದಿಕೊಳ್ಳಲಿಲ್ಲ.

ನೋವಿನ ಸೂಜಿ ಎಂದರೆ ನಮ್ಮ ಕಡೆಯ ಹಿರಿಯ ಹೆಂಗಸರಿಗೆಲ್ಲ ಗೊತ್ತು. ಅದು ನೋವು ಕಡಿಮೆ ಮಾಡುವ ಸೂಜಿಯಲ್ಲ, ನೋವು ಬರಿಸುವ ಸೂಜಿ. ಹೆರಿಗೆ ತಡವಾದರೆ ಕೊಡಿಸುತ್ತಿದ್ದರು. ಹಸು ಸಾಕುವವರಿಗೂ ಈ ಔಷಧ ಗೊತ್ತು. ಕರು ಸತ್ತ ಹಸು ಹಾಲು ಇಳಿಸದೆ ನಿಂತರೆ ಕೊಡುವುದು ಇದನ್ನೇ. ಅದರ ಹೆಸರು ಆಕ್ಸಿಟೋಸಿನ್. ಗ್ರೀಕ್ ಭಾಷೆಯ ಎರಡು ಪದಗಳಿಂದ ಆದ ಹೆಸರು, 'ಬೇಗ ಹೆರಿಗೆ' ಎಂದು ಅರ್ಥ.

ನಮ್ಮ ಮನೆಗೂ ಈ ಸೂಜಿಗೂ ಒಂದು ಹಳೆಯ ಲೆಕ್ಕವಿದೆ. ನಾನು ಅಮ್ಮನಿಗೆ ಎರಡನೆಯ ಮಗು. ಮೊದಲನೆಯದು ಹೆಣ್ಣು, 1985ರಲ್ಲಿ ಹುಟ್ಟಿದ್ದು. ಸಂತೆಯ ದಿನ, ಸೋಮವಾರ. ಹಿಂದಿನ ರಾತ್ರಿಯಿಂದಲೇ ನೋವು ಶುರುವಾಗಿತ್ತು. ಸೂಲಗಿತ್ತಿ ಅಜ್ಜಿ ಹೊಟ್ಟೆ ಮುಟ್ಟಿ ನೋಡಿ, ಚೊಚ್ಚಲು, ಇನ್ನೂ ಹೊತ್ತಿದೆ, ಕಾಯೋಣ ಎಂದಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಮನೆಯವರಿಗೆ ಕಾಯುವ ತಾಳ್ಮೆ ಉಳಿಯಲಿಲ್ಲ. ಯಾರೋ ಹೋಗಿ ಸೂಜಿ ಹಾಕುವವರೊಬ್ಬರನ್ನು ಕರೆತಂದರು. ಅವರು ಡಾಕ್ಟರಲ್ಲ. ಯಾವುದೋ ಡಾಕ್ಟರ ಬಳಿ ಕೆಲಸ ಮಾಡಿ ಕಲಿತವರು, ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದವರು. ಸೊಂಟಕ್ಕೆ ಒಂದು ಸೂಜಿ ಹಾಕಿದರು. ಅರ್ಧ ಗಂಟೆ ಬಿಟ್ಟು ಇನ್ನೊಂದು. "ನೋವು ಬಂತು. ಬಂದದ್ದು ಬಿಡಲೇ ಇಲ್ಲ" ಎಂದು ಅಮ್ಮ ಹೇಳುತ್ತಾಳೆ. ಈ ಮಾತಿನ ಅರ್ಥ ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು. ಹೊತ್ತು ಮುಳುಗುವ ಮೊದಲೇ ಮಗು ಹುಟ್ಟಿತು. ಅಳಲಿಲ್ಲ. ಮೈ ನೀಲಿಯಾಗಿತ್ತು. ಆಮೇಲೆ ಅಮ್ಮನಿಗೆ ರಕ್ತ ನಿಲ್ಲದೆ, ಸಂತೆಯಿಂದ ಹಿಂದಿರುಗುತ್ತಿದ್ದ ಗಾಡಿಯೊಂದನ್ನು ನಿಲ್ಲಿಸಿ ತಾಲ್ಲೂಕು ಆಸ್ಪತ್ರೆಗೆ ಒಯ್ದರು. ಅಮ್ಮ ಉಳಿದಳು. ಮೂರು ವರ್ಷದ ನಂತರ ನನ್ನ ಸರದಿ ಬಂದಾಗ ಅಪ್ಪ ಹತ್ತು ದಿನ ಮುಂಚೆಯೇ ಅಮ್ಮನನ್ನು ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೆ ಕರೆದುಕೊಂಡು ಹೋಗಿ ಕೂತುಬಿಟ್ಟಿದ್ದರಂತೆ.

ಆ ಸೂಜಿಯಿಂದಲೇ ಅಕ್ಕ ಹೋದಳು ಎಂದು ನಾನು ಆಣೆ ಮಾಡಿ ಹೇಳಲಾರೆ. ಆ ಸೀಸೆಯ ಮೇಲಿನ ಹೆಸರನ್ನು ಕೂಡ ಅವತ್ತು ಯಾರೂ ಓದಲಿಲ್ಲ. ಸೂಜಿ ಹಾಕಿದವರ ಮೇಲೆ ಅಮ್ಮನಿಗೆ ಸಿಟ್ಟೂ ಇಲ್ಲ. "ಕರೆದದ್ದು ನಾವು ತಾನೇ" ಎನ್ನುತ್ತಾಳೆ.

2021ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಹೆಂಡತಿಯ ಹೆರಿಗೆಯ ಸಮಯದಲ್ಲಿ ನಾನು ಅವಳ ಪಕ್ಕ ಕುಳಿತಿದ್ದೆ. ನೋವು ನಿಧಾನವಾಗಿದೆ, ಡ್ರಿಪ್ ಹಾಕುತ್ತೇವೆ ಎಂದು ಡಾಕ್ಟರು ಹೇಳಿದರು. ಗ್ಲೂಕೋಸ್ ಬಾಟಲಿಯಂಥದ್ದೇ ಒಂದು ಬಾಟಲಿ, ಅದಕ್ಕೊಂದು ಪಂಪು, ಪಂಪಿನ ಮೇಲೆ ಒಂದು ಸಂಖ್ಯೆ. ಪಕ್ಕದಲ್ಲಿ ಮಗುವಿನ ಎದೆಬಡಿತ ತೋರಿಸುವ ಯಂತ್ರ. ನರ್ಸ್ ಅರ್ಧ ಗಂಟೆಗೊಮ್ಮೆ ಬಂದು ಎರಡನ್ನೂ ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟು ಗಡಿಯಾರ ನೋಡಿ, ಆ ಸಂಖ್ಯೆಯನ್ನು ಒಂದಿಷ್ಟು ಏರಿಸುತ್ತಿದ್ದರು. ಒಮ್ಮೆ ಇಳಿಸಿದರು ಕೂಡ. ಯಾವ ಔಷಧ ಎಂದು ಕೇಳಿದೆ. ಹೆಸರು ಹೇಳಿದರು. ಸುಮ್ಮನಿರಲಾರದೆ ಫೋನಿನಲ್ಲಿ ಹುಡುಕಿದಾಗ ತಿಳಿಯಿತು, ಸೈಕಲ್ಲಿನ ಮೇಲೆ ಬಂದ ಸೂಜಿಯಲ್ಲಿ ಇದ್ದದ್ದೂ ಬಹುಮಟ್ಟಿಗೆ ಇದೇ. ಅವತ್ತಿನಿಂದ ಇದರ ಹಿಂದೆ ಬಿದ್ದು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಇದನ್ನು ಚಿಕಿತ್ಸೆಯ ಸಲಹೆಯೆಂದು ಯಾರೂ ತೆಗೆದುಕೊಳ್ಳಬಾರದು.

ಮೊದಲು ದೇಹ ತಾನಾಗಿಯೇ ಏನು ಮಾಡುತ್ತದೆ ನೋಡೋಣ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ ಎಂದು ನಾವೆಲ್ಲ ಚಿತ್ರ ಬರೆದು ಗೆರೆ ಎಳೆದು ಹೆಸರಿಸಿದ್ದೇವೆ. ಅದರ ಹಿಂಭಾಗದಿಂದ ಆಕ್ಸಿಟೋಸಿನ್ ರಕ್ತಕ್ಕೆ ಬರುತ್ತದೆ. ದಿನ ತುಂಬಿದಾಗ ಗರ್ಭಕೋಶ ಈ ಹಾರ್ಮೋನಿಗೆ ಬಹಳ ಸೂಕ್ಷ್ಮವಾಗಿರುತ್ತದೆ. ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತಿದಾಗ ಮೆದುಳಿಗೆ ಸುದ್ದಿ ಹೋಗುತ್ತದೆ, ಹಾರ್ಮೋನು ಬರುತ್ತದೆ, ಗರ್ಭಕೋಶ ಬಿಗಿಯುತ್ತದೆ, ತಲೆ ಇನ್ನಷ್ಟು ಒತ್ತುತ್ತದೆ, ಇನ್ನಷ್ಟು ಹಾರ್ಮೋನು ಬರುತ್ತದೆ. ನಾನು ಬರೆಯುವ ಪ್ರೋಗ್ರಾಮಿನಲ್ಲಿ ಇಂಥ ಸುತ್ತು ಇದ್ದರೆ ಕಂಪ್ಯೂಟರ್ ಕುಸಿದುಹೋಗುತ್ತದೆ. ದೇಹ ಹಾಗಾಗಲು ಬಿಡುವುದಿಲ್ಲ. ಅದು ಹಾರ್ಮೋನನ್ನು ಒಂದೇ ಸಮನೆ ಸುರಿಯದೆ ಚಿಮ್ಮಿ ಚಿಮ್ಮಿ ಬಿಡುತ್ತದೆ, ಮಗು ಹುಟ್ಟಿದೊಡನೆ ಆ ಒತ್ತಡವೂ ನಿಲ್ಲುತ್ತದೆ.

ಎರಡು ನೋವುಗಳ ನಡುವಿನ ಬಿಡುವೇ ಇಲ್ಲಿ ಮುಖ್ಯ. ಗರ್ಭಕೋಶ ಬಿಗಿದಾಗ ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಸಡಿಲವಾದಾಗ ಮತ್ತೆ ಹರಿಯುತ್ತದೆ. ಮಗು ಉಸಿರು ತೆಗೆದುಕೊಳ್ಳುವುದು ಆ ಬಿಡುವಿನಲ್ಲೇ ಎಂದು ಹೇಳಬಹುದು. "ಬಂದದ್ದು ಬಿಡಲೇ ಇಲ್ಲ" ಎಂದು ಅಮ್ಮ ಹೇಳಿದ್ದು ಈ ಬಿಡುವು ಸಿಗಲಿಲ್ಲ ಎಂಬುದನ್ನೇ. ಔಷಧ ಹೆಚ್ಚಾದರೆ ಹೀಗಾಗುತ್ತದೆ. ಇನ್ನೂ ಹೆಚ್ಚಾದರೆ ಗರ್ಭಕೋಶವೇ ಒಡೆಯಬಹುದು.

ಆದರೆ ಮಗು ಹೊರಗೆ ಬಂದ ಮೇಲೆ ಲೆಕ್ಕ ತಿರುಗಿಬಿಡುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ಅವುಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ, ಸುತ್ತಲಿಂದ ಹಗ್ಗದಂತೆ ಬಿಗಿದು. ಬಿಗಿಯದಿದ್ದರೆ ತಾಯಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಆಗ ಬಿಡುವಿಲ್ಲದ ಬಿಗಿತವೇ ಬೇಕು. ಅಂದರೆ ಒಂದೇ ಔಷಧವನ್ನು ಮಗು ಹುಟ್ಟುವ ಮೊದಲು ಹೆಚ್ಚಾಗಿ ಕೊಟ್ಟರೆ ಜೀವ ತೆಗೆಯಬಹುದು, ಹುಟ್ಟಿದ ಮೇಲೆ ಅಷ್ಟನ್ನೇ ಕೊಟ್ಟರೆ ಜೀವ ಉಳಿಸುತ್ತದೆ. ಈ ಸಂಗತಿಯನ್ನು ಮನುಷ್ಯರು ಒಂದು ಸಲ ಕಲಿತು ಮರೆತು, ಮತ್ತೆ ಕಲಿತು ಮರೆತು, ಮೂರನೆಯ ಸಲ ಕಲಿತದ್ದೇ ಈ ಇತಿಹಾಸ.

ಮೊದಲನೆಯ ಸಲ ಕಲಿತದ್ದು ಒಂದು ಬೂಷ್ಟಿನಿಂದ. ಯುರೋಪಿನಲ್ಲಿ ರೈ ಎಂಬ ಧಾನ್ಯ ಬೆಳೆಯುತ್ತಾರೆ. ಮಳೆ ಹೆಚ್ಚಾದ ವರ್ಷ ಅದರ ತೆನೆಯಲ್ಲಿ ಕಾಳಿನ ಬದಲು ಕಪ್ಪಗೆ ಕೋಳಿಯ ಉಗುರಿನಂಥದ್ದು ಮೂಡುತ್ತದೆ. ಇದು ಎರ್ಗಟ್. ನಮ್ಮ ಸಜ್ಜೆ, ಜೋಳದ ತೆನೆಗೂ ಇದೇ ಕುಲದ ಬೂಷ್ಟು ಬರುತ್ತದೆ. ಎರ್ಗಟ್ ಬೆರೆತ ಹಿಟ್ಟು ತಿಂದವರ ಕೈಕಾಲು ಕೊಳೆತು ಬೀಳುತ್ತಿತ್ತು. ಅದೇ ಎರ್ಗಟ್ಟನ್ನು ಚಿಟಿಕೆಯಷ್ಟು ಕೊಟ್ಟರೆ ಹೆರಿಗೆಯ ನೋವು ಜೋರಾಗುತ್ತದೆ ಎಂಬುದನ್ನು ಅಲ್ಲಿಯ ಸೂಲಗಿತ್ತಿಯರು ವೈದ್ಯರಿಗಿಂತ ಬಹಳ ಮೊದಲೇ ಕಂಡುಕೊಂಡಿದ್ದರು. 1808ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತ್ಯದ ಜಾನ್ ಸ್ಟರ್ನ್ಸ್ ಎಂಬ ವೈದ್ಯರು ಈ ಪುಡಿಯ ಬಗ್ಗೆ ವೈದ್ಯಕೀಯ ಪತ್ರಿಕೆಗೆ ಕಾಗದ ಬರೆದರು. ತಡವಾಗುವ ಹೆರಿಗೆ ಬೇಗ ಮುಗಿಯುತ್ತದೆ, ವೈದ್ಯನ ಸಮಯವೂ ಉಳಿಯುತ್ತದೆ ಎಂಬುದು ಅವರ ಮಾತಿನ ಸಾರ. ವೈದ್ಯನ ಸಮಯ ಎಂಬ ಆ ಎರಡು ಪದ ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಇನ್ನೂರು ವರ್ಷದ ಕಥೆಯಲ್ಲಿ ಅವಸರ ಯಾರದು ಎಂಬ ಪ್ರಶ್ನೆ ಮೊದಲ ಕಾಗದದಲ್ಲೇ ಇದೆ.

ಪುಡಿ ಬೇಗ ಹರಡಿತು. ಹೆರಿಗೆ ಪುಡಿ ಎಂದೇ ಅದಕ್ಕೆ ಲ್ಯಾಟಿನ್ ಹೆಸರಿತ್ತು. ಜೊತೆಗೇ ಸತ್ತು ಹುಟ್ಟುವ ಮಕ್ಕಳೂ ಹೆಚ್ಚಾದರು. 1824ರಲ್ಲಿ ನ್ಯೂಯಾರ್ಕ್ ನಗರದ ವೈದ್ಯ ಡೇವಿಡ್ ಹೊಸ್ಯಾಕ್ ಇದು ಹೆರಿಗೆ ಪುಡಿಯಲ್ಲ, ಮಗುವಿನ ಪಾಲಿಗೆ ಸಾವಿನ ಪುಡಿ ಎಂದು ಎಚ್ಚರಿಸಿದರು. ಮಗು ಹುಟ್ಟಿದ ಮೇಲೆ ರಕ್ತ ನಿಲ್ಲಿಸುವುದಕ್ಕೆ ಮಾತ್ರ ಬಳಸಿ ಎಂದರು. ಸರಿಯಾದ ಉತ್ತರ 200 ವರ್ಷಗಳ ಹಿಂದೆಯೇ ಸಿಕ್ಕಿತ್ತು.

ಎರಡನೆಯ ಸಲದ ಕಥೆ ಲಂಡನ್ನಿನಲ್ಲಿ ಶುರುವಾಗುತ್ತದೆ. ಹೆನ್ರಿ ಡೇಲ್ ಎಂಬ ತರುಣ ವಿಜ್ಞಾನಿ ವೆಲ್‌ಕಮ್ ಪ್ರಯೋಗಾಲಯದಲ್ಲಿ ಇದೇ ಎರ್ಗಟ್ಟಿನಲ್ಲಿ ಏನಿದೆ ಎಂದು ಹುಡುಕುತ್ತಿದ್ದರು. ಆ ಪ್ರಯೋಗಗಳ ನಡುವೆ ದನದ ಪಿಟ್ಯುಟರಿ ಗ್ರಂಥಿಯ ಸಾರವನ್ನು ಗಬ್ಬದ ಬೆಕ್ಕಿಗೆ ಕೊಟ್ಟಾಗ ಅದರ ಗರ್ಭಕೋಶ ಬಿಗಿಯಿತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. 1906ರ ತಮ್ಮ ಪ್ರಬಂಧದಲ್ಲಿ ಅವರು ಇದನ್ನು ದಾಖಲಿಸಿದರು. 1909ರಲ್ಲಿ ಲಿವರ್‌ಪೂಲಿನ ವೈದ್ಯ ಬ್ಲೇರ್-ಬೆಲ್ ಈ ಸಾರವನ್ನು ಹೆಂಗಸರಲ್ಲಿ ಬಳಸಿ, ಹೆರಿಗೆಯ ನಂತರ ಸಡಿಲಬಿದ್ದ ಗರ್ಭಕೋಶವನ್ನು ಬಿಗಿಯಲು ಉಪಯುಕ್ತ ಎಂದು ಬರೆದರು. 1910ರಲ್ಲಿ ಅಮೆರಿಕದಲ್ಲಿ ಆಟ್ ಮತ್ತು ಸ್ಕಾಟ್ ಎಂಬಿಬ್ಬರು ಇದನ್ನು ಹಾಲು ಕೊಡುವ ಮೇಕೆಗೆ ಚುಚ್ಚಿ ಹಾಲು ಇಳಿಯುವುದನ್ನು ಕಂಡರು. ನಮ್ಮ ದನದ ಕೊಟ್ಟಿಗೆಯ ಸೂಜಿಯ ಮೂಲ ಅಲ್ಲಿದೆ.

ಔಷಧ ಕಂಪನಿಗಳು ಕಸಾಯಿಖಾನೆಗಳಿಂದ ಗ್ರಂಥಿಗಳನ್ನು ತರಿಸಿ ಸಾರ ತೆಗೆದು ಮಾರತೊಡಗಿದವು. ಒಂದು ಸೀಸೆಯಂತೆ ಇನ್ನೊಂದು ಇರುತ್ತಿರಲಿಲ್ಲ. ಹೊಸ್ಯಾಕರ ಮಾತು ಮರೆತು ವೈದ್ಯರು ಮತ್ತೆ ಮಗು ಹುಟ್ಟುವ ಮೊದಲೇ ಇದನ್ನು ಕೊಡಲು ಶುರುಮಾಡಿದ್ದರು. ಅದೂ ಇಡೀ ಸೂಜಿಯನ್ನು ಒಂದೇ ಸಲಕ್ಕೆ. ಮತ್ತೆ ಅದೇ ಫಲ, ಉಸಿರುಗಟ್ಟಿದ ಮಕ್ಕಳು, ಒಡೆದ ಗರ್ಭಕೋಶಗಳು. 1925ರಲ್ಲಿ ಈ ಸಾರದ ಬಲ ಅಳೆಯಲು ಅಂತರರಾಷ್ಟ್ರೀಯ ಮಾನದಂಡ ಬಂತು. ನಿಗದಿತ ರೀತಿಯಲ್ಲಿ ಒಣಗಿಸಿದ ಗ್ರಂಥಿಯ ಪುಡಿ 0.5 ಮಿಲಿಗ್ರಾಂ ಎಂದರೆ 1 ಯೂನಿಟ್. ಇವತ್ತಿಗೂ ಈ ಔಷಧವನ್ನು ಯೂನಿಟ್‌ಗಳಲ್ಲೇ ಲೆಕ್ಕ ಹಾಕುತ್ತಾರೆ. 1928ರಲ್ಲಿ ಅಮೆರಿಕದ ಆಲಿವರ್ ಕ್ಯಾಮ್ ಮತ್ತು ಜೊತೆಗಾರರು ಸಾರದಲ್ಲಿ ಬೆರೆತಿದ್ದ ಎರಡು ಹಾರ್ಮೋನುಗಳನ್ನು ಬೇರೆ ಮಾಡಿದರು. ರಕ್ತದೊತ್ತಡ ಏರಿಸುವುದು ಒಂದು ಕಡೆ ಹೋಯಿತು, ಗರ್ಭಕೋಶ ಬಿಗಿಯುವುದು ಒಂದು ಕಡೆ ಉಳಿಯಿತು.

ಈ ಇತಿಹಾಸದಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವರು ಜೆಫ್ರಿ ಥಿಯೊಬಾಲ್ಡ್, ಇಂಗ್ಲೆಂಡಿನ ಬ್ರಾಡ್‌ಫೋರ್ಡಿನ ವೈದ್ಯ. ನೊಬೆಲ್ ಬಂದವರಲ್ಲ, ಹೆಸರೂ ಹೆಚ್ಚು ಕೇಳಿಸುವುದಿಲ್ಲ. ಅವರ ವಿಚಾರ ಸರಳ. ದೇಹ ತಾನೇ ಎಷ್ಟು ಸ್ರವಿಸುತ್ತದೋ ಅಷ್ಟನ್ನೇ, ಬಹಳ ನೀರಾಗಿ ಬೆರೆಸಿ, ಹನಿ ಹನಿಯಾಗಿ ರಕ್ತನಾಳಕ್ಕೆ ಬಿಡಬೇಕು. 1948ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇದರ ಗುಣ ಏನೆಂದರೆ, ಆಕ್ಸಿಟೋಸಿನ್ ರಕ್ತದಲ್ಲಿ ನಿಲ್ಲುವುದು ಕೆಲವೇ ನಿಮಿಷ. ಮಗುವಿನ ಎದೆಬಡಿತ ತಪ್ಪಿದರೆ ಡ್ರಿಪ್ ನಿಲ್ಲಿಸಬಹುದು, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಪ್ರಭಾವ ಇಳಿಯುತ್ತದೆ. ಸೊಂಟಕ್ಕೆ ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗುವುದಿಲ್ಲ.

ನಾನು ಎಂಜಿನಿಯರ್ ಆದ್ದರಿಂದ ಒಂದು ಲೆಕ್ಕ ಹಾಕಿ ನೋಡಿದೆ. ಮಕ್ಕಳು ಪೆನ್ನು ಹಿಡಿದು ತಾಳೆ ನೋಡಬಹುದು. ಒಂದು ಸಣ್ಣ ಸೀಸೆಯಲ್ಲಿ ಸಾಮಾನ್ಯವಾಗಿ 5 ಯೂನಿಟ್ ಇರುತ್ತದೆ, ಅಂದರೆ 5000 ಮಿಲಿಯೂನಿಟ್. ಡ್ರಿಪ್ ಶುರುಮಾಡುವಾಗ ನಿಮಿಷಕ್ಕೆ 1 ಅಥವಾ 2 ಮಿಲಿಯೂನಿಟ್ ಬಿಡುತ್ತಾರೆ, ನೋವು ನೋಡಿಕೊಂಡು ಮೆಲ್ಲಗೆ ಏರಿಸುತ್ತಾರೆ. ನಿಮಿಷಕ್ಕೆ 2ರಂತೆ ಬಿಟ್ಟರೆ ಒಂದು ಸೀಸೆ ಮುಗಿಯಲು 2500 ನಿಮಿಷ, ಹೆಚ್ಚುಕಡಿಮೆ 42 ಗಂಟೆ ಬೇಕು. ಸೈಕಲ್ಲಿನ ಮೇಲೆ ಬಂದವರು ಅಂಥದ್ದನ್ನು ಒಂದೇ ಕ್ಷಣದಲ್ಲಿ ಚುಚ್ಚಿದರು. ಅರ್ಧ ಗಂಟೆಗೆ ಇನ್ನೊಂದು.

ಇನ್ನು ಮುಂದಿನದು ಬೇಗ ಹೇಳುತ್ತೇನೆ. 1953ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ವಿನ್ಸೆಂಟ್ ಡು ವಿನ್ಯೋ ಅವರು ಆಕ್ಸಿಟೋಸಿನ್ ಎಂದರೆ 9 ಅಮೈನೋ ಆಮ್ಲಗಳ ಸಣ್ಣ ಸರಪಳಿ ಎಂದು ತೋರಿಸಿ, ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಮನುಷ್ಯ ಹೀಗೆ ಕಟ್ಟಿದ ಮೊದಲ ಪೆಪ್ಟೈಡ್ ಹಾರ್ಮೋನು ಅದು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಕಸಾಯಿಖಾನೆಯ ಅಗತ್ಯ ತಪ್ಪಿತು, ಔಷಧ ಶುದ್ಧವಾಯಿತು, ಅಗ್ಗವಾಯಿತು. ಅಗ್ಗವಾದ್ದರಿಂದಲೇ ಅದು ಸೈಕಲ್ ಚೀಲದವರೆಗೂ ಬಂತು ಎಂಬುದನ್ನೂ ಸೇರಿಸಬೇಕು.

1960ರ ದಶಕದ ಕೊನೆಯಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಕೀರನ್ ಓಡ್ರಿಸ್ಕಾಲ್ ಒಂದು ಪದ್ಧತಿ ತಂದರು. ಚೊಚ್ಚಲ ಹೆರಿಗೆಯನ್ನು ಗಡಿಯಾರ ಇಟ್ಟು ನೋಡುವುದು, ನಿಧಾನವಾದರೆ ಡ್ರಿಪ್ ಹಾಕುವುದು, ಹೆರಿಗೆ ಮುಗಿಯುವವರೆಗೆ ಒಬ್ಬ ತಾಯಿಗೆ ಒಬ್ಬ ದಾದಿ ಪಕ್ಕದಲ್ಲೇ ಇರುವುದು. ಜಗತ್ತಿನ ಅನೇಕ ಆಸ್ಪತ್ರೆಗಳು ಇದನ್ನು ಅನುಕರಿಸಿದವು. ಗಡಿಯಾರವನ್ನೂ ಡ್ರಿಪ್ಪನ್ನೂ ತೆಗೆದುಕೊಂಡು ದಾದಿಯನ್ನು ಮಾತ್ರ ಬಿಟ್ಟುಬಿಟ್ಟವು. ದಾದಿಗೆ ಸಂಬಳ ಕೊಡಬೇಕಲ್ಲ.

ಅದಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಒಂದು ಕಾಗದ. 1972ರಲ್ಲಿ, ಇಂದಿನ ಜಿಂಬಾಬ್ವೆಯಲ್ಲಿ, ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಹೆರಿಗೆಯ ನಕ್ಷೆಯೊಂದನ್ನು ಸಿದ್ಧಪಡಿಸಿದರು. ಆಸ್ಪತ್ರೆ ಬಹಳ ದೂರವಿದ್ದ ಹಳ್ಳಿಗಳ ದಾದಿಯರಿಗಾಗಿ ಮಾಡಿದ್ದು. ನಾವು ಗಣಿತದಲ್ಲಿ ಎಳೆಯುವ ಗ್ರಾಫೇ ಅದು. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬುದು. ಮೇಲೆ ಎರಡು ಓರೆ ಗೆರೆ. ಮೊದಲ ಗೆರೆ ದಾಟಿದರೆ ದೊಡ್ಡ ಆಸ್ಪತ್ರೆಗೆ ಹೊರಡಿ, 4 ಗಂಟೆ ಆಚೆಯ ಎರಡನೆಯ ಗೆರೆ ಮುಟ್ಟಿದರೆ ಏನಾದರೂ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಆಗ್ನೇಯ ಏಷ್ಯಾದಲ್ಲಿ 35,484 ಹೆಂಗಸರ ಹೆರಿಗೆಯಲ್ಲಿ ಪರೀಕ್ಷಿಸಿ 1994ರಲ್ಲಿ ಫಲ ಪ್ರಕಟಿಸಿತು. ಅತಿ ದೀರ್ಘ ಹೆರಿಗೆಗಳು ಸುಮಾರು ಅರ್ಧಕ್ಕೆ ಇಳಿದವು. ಔಷಧ ಕೊಟ್ಟು ನೋವು ಹೆಚ್ಚಿಸಿದ ಹೆರಿಗೆಗಳು ಶೇ. 20.7ರಿಂದ ಶೇ. 9.1ಕ್ಕೆ ಇಳಿದವು. ಕಾಯುವುದು ಎಲ್ಲಿಯವರೆಗೆ ಎಂದು ಗೆರೆ ಎಳೆದು ತೋರಿಸಿದರೆ ಜನ ಕಾಯುತ್ತಾರೆ ಎಂದಾಯಿತು. ನಮ್ಮ ಸೂಲಗಿತ್ತಿ ಅಜ್ಜಿ "ಇನ್ನೂ ಹೊತ್ತಿದೆ" ಎಂದಾಗ ಅವರ ಕೈಯಲ್ಲಿ ಇಂಥದ್ದೊಂದು ಕಾಗದ ಇದ್ದಿದ್ದರೆ ಯಾರಾದರೂ ಅವರ ಮಾತು ಕೇಳುತ್ತಿದ್ದರೋ ಏನೋ. ಕಾಗದದ ಮೇಲಿದ್ದರೆ ನಮ್ಮವರು ನಂಬುತ್ತಾರೆ.

ಸೂಲಗಿತ್ತಿಯರ ಮಾತು ಬಂದದ್ದರಿಂದ ಹೇಳುತ್ತೇನೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಸೂಲಗಿತ್ತಿಯರು ಇದ್ದರೆ ಆಸ್ಪತ್ರೆ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ರಕ್ತ ಸುರಿಯತೊಡಗಿದಾಗ ಅವರ ಕೈಯಲ್ಲಿ ಔಷಧ ಇರಲಿಲ್ಲ. ಔಷಧ ಇದ್ದವರಿಗೆ ಕಾಯುವುದು ಗೊತ್ತಿರಲಿಲ್ಲ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದವರೂ ಇದನ್ನೇ ಕಂಡಿದ್ದಾರೆ. ಅಲ್ಲಿ ಮನೆ ಹೆರಿಗೆಯಲ್ಲಿ ತರಬೇತಿ ಇಲ್ಲದವರು ಮಗು ಹುಟ್ಟುವ ಮೊದಲೇ ಆಕ್ಸಿಟೋಸಿನ್ ಚುಚ್ಚುವುದು ವಾಡಿಕೆಯಾಗಿತ್ತು. ಅಲ್ಲಿಯೂ ಇಲ್ಲಿಯೂ ಹೊಸ್ಯಾಕರ ಎಚ್ಚರಿಕೆ ಮೂರನೆಯ ಸಲ ಮರೆತುಹೋಗಿತ್ತು.

ಈ ಔಷಧಕ್ಕೆ ಇನ್ನೊಂದು ತೊಡಕಿದೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಬಿಸಿಲಲ್ಲಿಟ್ಟರೆ ಬಲ ಕಳೆದುಕೊಳ್ಳುತ್ತದೆ. ನಮ್ಮೂರಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಕರೆಂಟು ಇರುತ್ತಿತ್ತು ಎಂಬುದನ್ನು ಲಾಟೀನಿನ ಬೆಳಕಿನಲ್ಲಿ ಪರೀಕ್ಷೆಗೆ ಓದಿದ ನಮಗೆ ಯಾರೂ ಹೇಳಬೇಕಾಗಿಲ್ಲ.

ಇದಕ್ಕೆ ಒಂದು ಉತ್ತರ ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ಅಧ್ಯಯನ ಮಾಡಿದರು. ಔಷಧದ ಹೆಸರು ಮಿಸೊಪ್ರೊಸ್ಟಾಲ್. ಪ್ರೊಸ್ಟಗ್ಲಾಂಡಿನ್ ಎಂಬ, ಹಾರ್ಮೋನಿನಂತೆಯೇ ಕೆಲಸ ಮಾಡುವ ದೇಹದ ವಸ್ತುವನ್ನು ಹೋಲುವಂತೆ ತಯಾರಿಸಿದ್ದು, ಮೂಲದಲ್ಲಿ ಹೊಟ್ಟೆ ಹುಣ್ಣಿಗೆಂದು ಮಾಡಿದ್ದು. ಮಾತ್ರೆ, ಫ್ರಿಜ್ ಬೇಡ, ಸೂಜಿ ಬೇಡ. ಮಗು ಹುಟ್ಟಿದ ಕೂಡಲೇ, ಗಮನಿಸಿ, ಹುಟ್ಟಿದ ಮೇಲೆ, ಎಎನ್‌ಎಂ ನರ್ಸಮ್ಮಂದಿರು ಕೆಲವರಿಗೆ ಈ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಅಂಥದ್ದೇ ಮಾತ್ರೆ ಕೊಟ್ಟರು. ಔಷಧವಿಲ್ಲದ ಗುಂಪಿನಲ್ಲಿ ಶೇ. 12 ಹೆಂಗಸರಿಗೆ ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಹೋಗಿತ್ತು. ಮಾತ್ರೆ ತೆಗೆದುಕೊಂಡವರಲ್ಲಿ ಶೇ. 6.4. 2006ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಜಗತ್ತಿಗೆ ಪಾಠ ಹೇಳಿದ ಆ ಲೆಕ್ಕವನ್ನು ಹಳ್ಳಿಯಲ್ಲಿ ಕುಳಿತು ಬರೆದುಕೊಂಡವರು ನರ್ಸಮ್ಮಂದಿರು, ಮನೆಮನೆಗೆ ಬಂದು ಮಕ್ಕಳಿಗೆ ಪೋಲಿಯೊ ಹನಿ ಹಾಕುತ್ತಿದ್ದರಲ್ಲ, ಅಂಥವರೇ.

ಅದೇ ಅಧ್ಯಯನದಿಂದ ಇನ್ನೊಂದು ಸಂಗತಿ ಹೊರಬಂತು. ಎಷ್ಟು ರಕ್ತ ಹೋಯಿತು ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಹೇಳುತ್ತಾರೆ. ಹಾಗಾಗಿ ತಾಯಿಯ ಕೆಳಗೆ ಹಾಸಲು, ಅಳತೆಯ ಗುರುತು ಹಾಕಿದ ಚೀಲವಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಈ ಅಧ್ಯಯನಕ್ಕೆಂದೇ ರೂಪಿಸಿದ್ದರು. ಹಾಲಿನ ಡೈರಿಯ ಅಳತೆ ಪಾತ್ರೆ ಇದ್ದಂತೆ, ನೋಡಿದ ಕೂಡಲೇ ಗೊತ್ತಾಗಬೇಕು. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥ ಅಳತೆ ಹಾಳೆ ಹಾಸಿ, ರಕ್ತ ಹೆಚ್ಚಿದೆ ಎಂದು ಕಂಡ ತಕ್ಷಣ ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್ ಮುಂತಾದ ಎಲ್ಲವನ್ನೂ ಒಟ್ಟಿಗೆ ಶುರುಮಾಡುವುದು ಎಂಬ ಕ್ರಮವನ್ನು ಪರೀಕ್ಷಿಸಿದರು. 2023ರಲ್ಲಿ ಬಂದ ಫಲದ ಪ್ರಕಾರ ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು ಇವೆಲ್ಲ ಒಟ್ಟಾಗಿ ಶೇ. 60ರಷ್ಟು ಕಡಿಮೆಯಾದವು.

2018ರಲ್ಲಿ ಮತ್ತೊಂದು ರೀತಿಯಲ್ಲಿ ಕರ್ನಾಟಕದ ಹೆಸರು ಈ ಕಥೆಯಲ್ಲಿ ಬಂತು. ಡೈರಿಗಳಲ್ಲಿ ಆಕ್ಸಿಟೋಸಿನ್ ದುರುಪಯೋಗ ಆಗುತ್ತಿದೆ ಎಂದು ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಅದನ್ನು ದೇಶದೊಳಗಿನ ಮಾರಾಟಕ್ಕೆ ತಯಾರಿಸಬಾರದೆಂದು ಅಧಿಸೂಚನೆ ಹೊರಡಿಸಿತು. ಇಡೀ ದೇಶಕ್ಕೆ ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದೇ ಪೂರೈಸಬೇಕೆಂದಿತು. ಹಸುಗಳಿಗೆ ಹಿಂಸೆಯಾಗಬಾರದು ಎಂಬುದು ಸರಿ. ಆದರೆ ತಾಯಂದಿರಿಗೆ ಔಷಧ ಸಿಗದೆ ಹೋದರೆ ಗತಿ ಏನು ಎಂದು ಔಷಧ ಕಂಪನಿಗಳೂ ಜನಾರೋಗ್ಯದ ಸಂಘಟನೆಯೂ ನ್ಯಾಯಾಲಯಕ್ಕೆ ಹೋದವು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದು ಮಾಡಿತು. ಆ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ತಪ್ಪು ಕೈಗೆ ಹೋಗುತ್ತದೆ ಎಂದು ಸರಿಯಾದ ಕೈಯಿಂದ ಔಷಧ ಕಿತ್ತುಕೊಳ್ಳಬಾರದು.

2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ ಅದು 69. ಇದು ಒಂದು ಔಷಧದಿಂದ ಆದದ್ದಲ್ಲ. 108 ಆಂಬುಲೆನ್ಸ್ ಬಂತು, ಆಶಾ ಕಾರ್ಯಕರ್ತೆಯರು ಬಂದರು, ಹೆರಿಗೆಗಳು ಆಸ್ಪತ್ರೆಗೆ ಬಂದವು. ಈಗ ನಮ್ಮೂರಿನಲ್ಲಿ ಸೈಕಲ್ ಚೀಲದವರನ್ನು ಯಾರೂ ಕರೆಯುವುದಿಲ್ಲ. ಆದರೆ ಆಸ್ಪತ್ರೆಗೆ ಹೋದ ಮೇಲೂ ಅವಸರ ಪೂರ್ತಿ ಹೋಗಿಲ್ಲ. "ಇನ್ನೂ ಆಗಿಲ್ವಾ ಮೇಡಂ, ಒಂದು ಸೂಜಿ ಹಾಕಿ" ಎಂದು ನರ್ಸಮ್ಮನನ್ನು ಪೀಡಿಸುವವರು ನಾವೇ. ತಾಯಿ ಮಗು ಚೆನ್ನಾಗಿದ್ದರೆ, ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯುವ ಮೊದಲು ನಿಧಾನವಾಗಿದೆ ಎಂದು ಔಷಧ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಬೇಕಾದವರೊಬ್ಬರು ಪಕ್ಕದಲ್ಲಿರಬೇಕು ಎಂದೂ ಹೇಳಿದೆ. ನಮ್ಮ ಸೂಲಗಿತ್ತಿ ಅಜ್ಜಿ ಅವತ್ತು ಸಂಜೆಯವರೆಗೂ ಅಮ್ಮನ ಬೆನ್ನು ನೀವುತ್ತ ಕೂತಿದ್ದರಂತೆ.

ನನ್ನ ಮಗಳು ಹುಟ್ಟಿದ ಕೂಡಲೇ ನರ್ಸ್ ನನ್ನ ಹೆಂಡತಿಯ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. 10 ಯೂನಿಟ್. ರಕ್ತ ಹೆಚ್ಚು ಹೋಗಲಿಲ್ಲ. ಹೊರಗೆ ಕಾಯುತ್ತಿದ್ದ ಅಮ್ಮನಿಗೆ ಇದನ್ನು ಹೇಳಿದೆ.

"ಅದೇ ಸೂಜಿಯೇನ್ಲಾ?"

"ಹೂಂ ಕಣಮ್ಮ, ಅದೇ. ಮಗು ಹುಟ್ಟಿದ ಮೇಲೆ ಕೊಟ್ರು."

ಅಮ್ಮ ಮತ್ತೇನೂ ಕೇಳದೆ ಮೊಮ್ಮಗಳನ್ನು ನೋಡಲು ಒಳಗೆ ಹೋದಳು.

ಈ ಲೇಖನ ಬರೆದ ಮೇಲೆ ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ, ಅಚ್ಚು ಹಾಕಬಹುದೇ ಎಂದು ಕೇಳಿದೆ. "ಹಾಕ್ಸು, ನಾಚಿಕೆ ಏನು ಅದ್ರಲ್ಲಿ" ಎಂದಳು. ಆಮೇಲೆ ಒಂದು ತಪ್ಪು ತೋರಿಸಿದಳು. ನಾನು ಶುಕ್ರವಾರ ಎಂದು ಬರೆದಿದ್ದೆ. ಶುಕ್ರವಾರ ಅಲ್ಲ, ಸೋಮವಾರ, ಸಂತೆ ದಿನ, ಅದಕ್ಕೇ ಗಾಡಿ ಸಿಕ್ಕಿದ್ದು, ಇಲ್ಲದಿದ್ದರೆ ನಾನೂ ಇರುತ್ತಿರಲಿಲ್ಲ, ನೀನೂ ಇರುತ್ತಿರಲಿಲ್ಲ ಎಂದಳು. ಮೇಲೆ ತಿದ್ದಿದ್ದೇನೆ.